ಕೆಂಪು ನೂಲು ಕಟ್ಟಿದ ಹೀರೇಕಾಯಿ

ನಾನು ಚಿಕ್ಕವನಿದ್ದಾಗ, ಕನ್ನಡ ನಾಡಿನ ಗಡಿಯಾಚೆ ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ ಬೀಜಕ್ಕೆ ಬಿಟ್ಟ ಕಾಯಿಗೆ ಮಗ್ಗದ ನೂಲೇ ಗುರುತು. ಅಪ್ಪ ನೇಯ್ದು ಉಳಿದ ತುಂಡು ನೂಲನ್ನು ಅಮ್ಮ ಸೆರಗಿನ ತುದಿಯಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು. ಬೆಂಡೆಯಾಗಲಿ, ಗೋರಿಕಾಯಿಯಾಗಲಿ, ತೊಟ್ಟಿನಲ್ಲಿ ಕೆಂಪು ನೂಲು ಕಂಡರೆ ಯಾರೂ ಕೀಳುವ ಹಾಗಿಲ್ಲ. ಅದು ಗಿಡದಲ್ಲೇ ಒಣಗಿ ಮುಂದಿನ ಬೇಸಿಗೆಗೆ ಬೀಜವಾಗಬೇಕು.

ಹಿತ್ತಲು ಅಂದರೆ ಬಚ್ಚಲ ನೀರು ಹರಿದು ಹೋಗುವಷ್ಟು ಜಾಗ, ಅಷ್ಟೇ. ಬೇಸಿಗೆ ಶುರುವಾಗುವ ಮಾಸಿ ತಿಂಗಳಲ್ಲಿ ಮಣ್ಣು ಕೆದರಿ, ಮೇಕೆ ಹಿಕ್ಕೆ ಬೆರೆಸಿ, ಬೀಜ ಊರುತ್ತಿದ್ದೆವು. ಗೋಡೆಯ ಪಕ್ಕ ಮಖಮಲ್ಲಿನಂಥ ಕೋಳಿಜುಟ್ಟಿನ ಹೂ, ಅದರ ಬುಡದಲ್ಲಿ ನೆಲಕ್ಕೆ ಹರಡುವ ಪಟ್ಟುರೋಜಾ. ಪಟ್ಟುರೋಜಾಕ್ಕೆ ಬೀಜವೂ ಬೇಡ ಮಕ್ಕಳೇ, ಒಂದು ಕಡ್ಡಿ ಚಿವುಟಿ ನೆಟ್ಟರೆ ಸಾಕು. ಬಿಸಿಲು ಏರಿದಷ್ಟೂ ಗುಲಾಬಿ, ಹಳದಿ, ಕಿತ್ತಳೆ ಅಂತ ಅರಳುತ್ತದೆ. ಮಧ್ಯದಲ್ಲಿ ಬೆಂಡೆ, ಗೋರಿಕಾಯಿ. ಮೇಲೆ ಹೀರೇಬಳ್ಳಿಯ ಚಪ್ಪರ. ಸಂಜೆಯಾದರೆ ಹೀರೆಯ ಹಳದಿ ಹೂ ಬಿಚ್ಚಿಕೊಂಡು, ಒದ್ದೆ ಮಣ್ಣಿನ ವಾಸನೆಯ ಜೊತೆ ಅದರ ಹಸಿ ವಾಸನೆಯೂ ಬೆರೆಯುತ್ತಿತ್ತು.

ನಮ್ಮ ಬೀದಿಯಲ್ಲಿ ಮೊದಲ ಬೀಜ ಹಾಕಲು ಎಲ್ಲರೂ ಅಕ್ಕನನ್ನೇ ಕರೆಯುತ್ತಿದ್ದರು. ಅವಳ ಕೈ ರಾಶಿಯ ಕೈ, ಹಾಕಿದ್ದೆಲ್ಲ ಮೊಳೆಯುತ್ತದೆ ಎಂಬ ನಂಬಿಕೆ. ಹನ್ನೆರಡು ವರ್ಷದ ಅಕ್ಕ ಮನೆಯಿಂದ ಮನೆಗೆ ಹೋಗಿ, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಬರುತ್ತಿದ್ದಳು. ಅರ್ಧ ನನಗೇ ಕೊಡುತ್ತಿದ್ದಳು. ಒಂಬತ್ತು ವರ್ಷದ ನನಗೆ ಆ ಬೆಲ್ಲ ತಿನ್ನುವಾಗಲೂ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಬಾವಿಕಟ್ಟೆಯ ಪಕ್ಕ ತಾನಾಗಿ ಹುಟ್ಟಿದ್ದ ಒಂದು ಹೀರೇಸಸಿಯನ್ನು ನಾನು ಕಿತ್ತು ತಂದು ಅಕ್ಕನ ಬಳ್ಳಿಯ ಪಕ್ಕ ನೆಟ್ಟೆ. ಎರಡೂ ಚಪ್ಪರದ ಮೇಲೆ ಹೆಣೆದುಕೊಂಡವು. ನನ್ನ ಬಳ್ಳಿಯಲ್ಲಿ ಬಿಟ್ಟದ್ದು ಒಂದೇ ಕಾಯಿ, ಆದರೆ ನನ್ನ ಕೈಯ ಒಂದು ಮೊಳ ಉದ್ದ. ಬೀಜಕ್ಕೆ ಬಿಡುವ ಮುಂಚೆ ಅಮ್ಮ ಕಾಯಿಯ ತುದಿಯನ್ನು ಚೂರು ಚಿವುಟಿ ರುಚಿ ನೋಡುತ್ತಿದ್ದಳು. ಹೀರೆಯಲ್ಲಿ ಕೆಲವು ಬಳ್ಳಿ ಕಹಿ ಇರುತ್ತವೆ, ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಕಾಯಿಯನ್ನು ಮುಟ್ಟಲು ಬಂದಾಗ ನಾನು ಅಡ್ಡ ನಿಂತೆ, ಅದಕ್ಕೆ ಗಾಯವಾಗುತ್ತದೆ ಅಂತ. ಅಮ್ಮ ನಕ್ಕು, ಅಕ್ಕನ ಕಾಯಿಯ ರುಚಿ ನೋಡಿ, ಅದಕ್ಕೆ ನೂಲು ಕಟ್ಟಿದಳು.

ಮಧ್ಯಾಹ್ನ ಎಲ್ಲರೂ ಒಳಗಿದ್ದಾಗ ನಾನು ಆ ನೂಲು ಬಿಚ್ಚಿ, ಪಕ್ಕದಲ್ಲೇ ತೂಗುತ್ತಿದ್ದ ನನ್ನ ಕಾಯಿಗೆ ಕಟ್ಟಿದೆ. ಅಕ್ಕನ ಕಾಯಿಯನ್ನು ಕಿತ್ತು ಅಡುಗೆಮನೆಯ ಬುಟ್ಟಿಯಲ್ಲಿ ಬೇರೆ ಕಾಯಿಗಳ ನಡುವೆ ಹಾಕಿದೆ. ಹೆಣೆದುಕೊಂಡ ಬಳ್ಳಿಗಳಲ್ಲಿ ಯಾವ ಕಾಯಿ ಯಾರದು ಅಂತ ಆಮೇಲೆ ಯಾರಿಗೂ ತಿಳಿಯಲಿಲ್ಲ. ಮುಂದಿನ ವರ್ಷ ಬೀದಿಯೆಲ್ಲ ಹೊಗಳಿದಾಗ, ಅದು ನನ್ನ ಬಳ್ಳಿಯದು ಅಂತ ಹೇಳುವುದು ನನ್ನ ಲೆಕ್ಕ.

ಮುಂದಿನ ಮಾಸಿಯಲ್ಲಿ ಆ ಬೀಜವನ್ನು ಅಮ್ಮ ಬೀದಿಗೆಲ್ಲ ಹಂಚಿದಳು. ಎಂದಿನಂತೆ ಅಕ್ಕನೇ ಹೋಗಿ ಹಾಕಿ ಬಂದಳು. ಬಳ್ಳಿಗಳು ಸೊಂಪಾಗಿ ಬೆಳೆದವು, ಕಾಯಿ ಜೋತುಬಿದ್ದವು. ಹೇಳುವ ದಿನಕ್ಕಾಗಿ ನಾನು ಕಾಯುತ್ತಿದ್ದೆ.

ಆ ದಿನ ಬೆಳಿಗ್ಗೆ ಎದುರುಮನೆಯ ಅತ್ತೆ ಒಂದು ಹೀರೇಕಾಯಿ ಹಿಡಿದು ಬಂದರು. ಹಿಂದೆಯೇ ಇನ್ನೂ ಮೂವರು. ಅಪ್ಪ ಮಗ್ಗ ನಿಲ್ಲಿಸಿದರು.

"ಏನ್ ಕಣ್ಣು, ಏನ್ ಬೀಜ ಹಾಕ್ದೆ ನೀನು," ಅಂತ ಅತ್ತೆ ಮುದ್ದಿನಿಂದಲೇ ಅಕ್ಕನನ್ನು ಕೇಳಿದರು. "ನಮ್ಮ ಮಾಮನಾರು ಎರಡು ತುತ್ತು ತಿಂದು, ಮರುಮಗಳೇ, ಸೊಸೆಯಾಗಿ ನನ್ಮೇಲೆ ಏನಮ್ಮಾ ಕೋಪ ಅಂದ್ಬಿಟ್ರು. ಅಷ್ಟು ಕಯ್ಪು."

"ನಮ್ ಮನೇಲಿ ಎಮ್ಮೆ ಕೂಡ ಮುಖ ತಿರುಗಿಸ್ತು," ಅಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಯಾರೋ ಮೆಲ್ಲಗೆ ಅಂದರು, "ಕೈರಾಸಿ ಹೋಯ್ತೋ ಏನೋ, ಪಾಪ."

ಅಮ್ಮ ಕಾಯಿಯ ತುದಿ ಕಚ್ಚಿ ಉಗುಳಿದಳು. "ನಾನೇ ರುಚಿ ನೋಡಿ ನೂಲು ಕಟ್ಟಿದ್ದೆ. ಇವಳ ಬಳ್ಳೀದೇ. ಹೆಂಗೆ ಹಿಂಗಾಯ್ತು?"

ಅಕ್ಕ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ. ನಾನಾದರೂ ಅವಳ ಪರ ಒಂದು ಮಾತು ಹೇಳಲಿ ಅಂತ. ನಿಜ ನನ್ನ ಬಾಯಿಯವರೆಗೆ ಬಂತು. "ನನಗೆ ಸ್ಕೂಲಿಗೆ ಹೊತ್ತಾಯ್ತು," ಅಂದೆ. ಅವತ್ತು ರಜೆ ಅಂತ ಯಾರಿಗೂ ನೆನಪಾಗಲಿಲ್ಲ. ಬಾವಿಕಟ್ಟೆಯ ಹಿಂದೆ ಹೋಗಿ ಮಧ್ಯಾಹ್ನದವರೆಗೆ ಕೂತಿದ್ದೆ.

ಮರುವರ್ಷ ಅಕ್ಕನನ್ನು ಯಾರೂ ಬೀಜ ಹಾಕಲು ಕರೆಯಲಿಲ್ಲ. ಅವಳು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಬೆಲ್ಲ ಯಾಕಿಲ್ಲ ಅಂತ ನಾನೂ ಕೇಳಲಿಲ್ಲ.

ಈಗ ನಮ್ಮ ಮನೆಯ ಮಾಳಿಗೆಯ ಮೇಲೆ ಮೊಮ್ಮಗಳದು ಒಂದು ತೋಟ. ಅಂಗಡಿಯಿಂದ ತಂದ ಬೀಜದ ಪೊಟ್ಟಣದ ಮೇಲೆ ಹೂವಿನ ಚಿತ್ರ ಇರುತ್ತದೆ. ಮೊಳೆಯದಿದ್ದರೆ ಇನ್ನೊಂದು ಪೊಟ್ಟಣ. ಕಾಯಿ ಕಹಿಯಾದರೆ ಯಾರ ಕೈಯನ್ನೂ ಬೈಯುವುದಿಲ್ಲ. ಹೋದ ವಾರ ಅವಳು ಗೊಬ್ಬರ ಜಾಸ್ತಿ ಸುರಿದು ಜೀನಿಯಾ ಹೂಗಿಡಗಳನ್ನೆಲ್ಲ ಸುಟ್ಟಳು. ನೇರ ಹಾಲಿಗೆ ಬಂದು ನಾಲ್ಕು ಜನರ ಮುಂದೆ, "ತಾತಾ, ನಾನೇ ಸಾಯಿಸ್ದೆ," ಅಂದು, ಕೈ ತೊಳೆದು ಊಟಕ್ಕೆ ಕೂತಳು.

ಅಕ್ಕ ಅನ್ನೂರಿನಲ್ಲಿದ್ದಾಳೆ. ನಮ್ಮ ಮನೆಗೆ ಬಂದಾಗ ಮೊಮ್ಮಗಳು ಬೀಜ ಕೊಟ್ಟು, "ನೀವೂ ಹಾಕಿ ಅಜ್ಜಿ," ಅಂದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. "ಬೇಡ ಕಣ್ಣು, ನನ್ ಕೈಗೆ ಆಗಲ್ಲ." ನಾನು ಎದುರಿಗೇ ಕೂತಿರುತ್ತೇನೆ.

ಫೋನಿನಲ್ಲಿ ಒಂದೊಂದೇ ಅಕ್ಷರ ಕಲಿತು, ಮೊದಲ ಸಲ ಇಷ್ಟುದ್ದ ಬರೆದಿದ್ದೇನೆ. ನೀವೆಲ್ಲ ಓದುತ್ತೀರಿ. ಅಕ್ಕನಿಗೆ ಮನೆಮಾತು ಕನ್ನಡವಾದರೂ ಅದರ ಅಕ್ಷರ ಬಾರದು. ಅದಕ್ಕೇ ಇಷ್ಟು ಧೈರ್ಯವಾಗಿ ಬರೆದೆನೇನೋ. ಇದನ್ನೇ ಅಕ್ಕನಿಗೆ ಬಾಯಲ್ಲಿ ಹೇಳಲು ಭಾನುವಾರ ಅನ್ನೂರಿನ ಟೌನ್ ಬಸ್ಸು ಹತ್ತಬೇಕು. ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಎಲ್ಲವನ್ನೂ ಮೊಮ್ಮಗಳಿಗೆ ಮೊದಲೇ ಹೇಳಿದ್ದೇನೆ. ಅಲ್ಲಿ ನಾನು ಬಿಸಿಲು, ಬಸ್ಸು ಅಂತ ಮಾತು ತಿರುಗಿಸಿದರೆ ಅವಳು ಬಿಡುವವಳಲ್ಲ.