ಗಿಣಿ ಕೊಡದ ಮುನಿಯಮ್ಮ

ಹೆಣ್ಣು ಕೊಡುವವರು ಗಂಡಿನ ಮನೆ ನೋಡಿ ಬರುತ್ತಾರಲ್ಲ, ಮುನಿಯಮ್ಮ ಗಿಣಿ ಕೊಡುವ ಮುಂಚೆ ಹಾಗೆ ಮನೆ ನೋಡಲು ಬರುತ್ತಿದ್ದಳು. ಗೊರಗುಂಟೆಪಾಳ್ಯದ ಮುದುಕಿ. ಯಶವಂತಪುರ ಸ್ಟೇಷನ್ನಿನ ಎದುರು, ಹುಣಸೆ ಮರದಡಿ, ಎರಡು ಪಂಜರ ಇಟ್ಟುಕೊಂಡು ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದಳು. ಮಾರುವವರ ನಯ ಅವಳಲ್ಲಿ ಎಳ್ಳಷ್ಟೂ ಇರಲಿಲ್ಲ. ಕೊಳ್ಳಲು ಬಂದವರೆಲ್ಲ ಅವಳ ಕಣ್ಣಿಗೆ ಅಯೋಗ್ಯರೇ. "ಗಿಣೀನ ಏನಂದ್ಕೊಂಡವ್ರೆ, ಗೋಡೆ ಗಡಿಯಾರಾನಾ, ತಗುಲಾಕಿ ಮರ್ತುಬಿಡಾಕೆ?" ಎನ್ನುತ್ತಿದ್ದಳು.

ಒಮ್ಮೆ ಕಾರಿನಲ್ಲಿ ಯಾರೋ ದೊಡ್ಡ ಆಫೀಸರು ಬಂದಿಳಿದರು. "ಅಗಲೊತ್ತು ಮನೇಲಿರ್ತೀಯಾ?" ಎಂದಳು. ಆಳು ನೋಡಿಕೊಳ್ಳುತ್ತಾನೆ ಎಂದರು ಅವರು.

"ಅಂಗಾರೆ ಆ ಆಳ್ನೇ ಕಳ್ಸು, ಅವನಿಗೇ ಕೊಡ್ತೀನಿ. ಸೂಟಾಕ್ಕೊಂಡ್ ಬಂದ್ಬುಟ್ಟ, ಗಿಣಿ ಬೇಕಂತೆ ಗಿಣಿ! ಥೂ!"

ಪಕ್ಕದಲ್ಲೇ ನಿಂತಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನಾನಾಗ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಮಕ್ಕಳಿರಲಿಲ್ಲ; ನನ್ನ ಹೆಂಡತಿ ಸಾವಿತ್ರಿ ಹಗಲೆಲ್ಲ ಒಬ್ಬಳೇ. "ಒಂದ್ ಗಿಣಿ ತನ್ನಿ, ಮಾತಿಗಾದ್ರೂ ಆಗತ್ತೆ" ಎಂದಳು. ಮದುವೆಯಾಗಿ ಆರು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮುನಿಯಮ್ಮ ಬಂದಳು. ಜಗಲಿಯ ಮೇಲೆ ಕೂತು ಸುಮ್ಮನೆ ಕಿವಿಗೊಟ್ಟಳು. ಅದೇ ಅವಳ ಪರೀಕ್ಷೆ: ಮನೆಯಲ್ಲಿ ಎಂಥ ಮಾತು ಓಡಾಡುತ್ತದೆ ಅಂತ ಕೇಳುವುದು. ನನಗೆ ಅದು ಗೊತ್ತಿತ್ತು. ಆದರೂ ಕಾಫಿ ತಡವಾಯಿತೆಂದು, ದಿನದ ಹಾಗೆಯೇ, "ಸತ್ತೆಯೇನೇ ಒಳಗೆ? ದಂಡಪಿಂಡ!" ಎಂದು ಕೂಗಿಬಿಟ್ಟೆ. ಅದು ಬೈಗುಳ ಅಂತಲೂ ನನಗೆ ಅನಿಸಿರಲಿಲ್ಲ, ಅಂಥ ಮೂರ್ಖ ನಾನು.

ಮುದುಕಿ ಎದ್ದು ನಿಂತಳು. "ಗಿಣಿ ಕೇಳಿದ್ದೇ ಕಲಿಯೋದು ಕಣಯ್ಯ. ಬಾಳ ವರ್ಸ ಬದುಕ್ತದೆ. ನೀನು ಸತ್ಮೇಲೂ ಈ ತಾಯಿ ನಿನ್ ಬಾಯಿ ಕೇಳ್ತಾ ಕೂತಿರ್ಬೇಕಾ?"

ಸಾವಿತ್ರಿ ತಂದ ಕಾಫಿಯನ್ನು ಮಾತ್ರ ನಿಂತೇ ಕುಡಿದು ಹೊರಟುಹೋದಳು.

ಗಿಣಿ ಮಾರುವವಳಿಗೆ ಇಷ್ಟು ಕೊಬ್ಬೇ ಎಂದು ವಾರವೆಲ್ಲ ಕುದಿದೆ. ಆಮೇಲೆ ಹೇಗೋ ನಾಲಿಗೆ ಬಿಗಿಹಿಡಿದೆ. ವರ್ಷ ಕಳೆದ ಮೇಲೆ ಹೋಗಿ, "ಈಗ ಬೈಯಲ್ಲ, ಕೊಡಮ್ಮ" ಎಂದೆ.

"ನಿನ್ ಮಾತು ಯಾರಿಗ್ ಬೇಕು? ಎಂಡ್ತೀನ ಕಳ್ಸು, ಅವ್ಳು ಏಳ್ಲಿ."

ಸಾವಿತ್ರಿ ಹೋದಳು. ನಾನು ಪಂಜರ ತೂಗುಹಾಕಲು ಮೊಳೆ ಹೊಡೆದು ಕಾದು ಕೂತೆ. ಅವಳು ಬರಿಗೈಲಿ ಬಂದಳು.

"ಮತ್ತೆ ಕೊಡ್ಲಿಲ್ವಾ ಆ ಮುದುಕಿ?"

"ಕೊಡ್ತೀನಿ ಅಂದ್ರು. ಇನ್ನೊಂದ್ ವರ್ಷ ನೋಡ್ತೀನಿ ಅಂತ ನಾನೇ ಹೇಳ್ಬಂದೆ."

ಆ ವರ್ಷ ತುಂಬುವುದರೊಳಗೆ ಮುನಿಯಮ್ಮ ತೀರಿಕೊಂಡಳು. ಸುದ್ದಿ ಕೇಳಿ ಸಾವಿತ್ರಿ ಬಿಕ್ಕಿ ಬಿಕ್ಕಿ ಅತ್ತಳು. ಗಿಣಿಗೇನು, ಬೇರೆಲ್ಲಾದರೂ ತಂದರಾಯಿತು ಎಂದು ಸಮಾಧಾನ ಹೇಳಲು ಹೋದೆ.

"ಗಿಣಿಗಲ್ಲ ಕಣ್ರೀ," ಎಂದಳು. "ನೀನು ಹೇಗಿದ್ದೀಯ ಅಂತ ನನ್ನನ್ನ ಕೇಳಿದೋರು ಅವರೊಬ್ಬರೇ."