ತೀರಿಕೊಂಡ ಗೌಡರಿಗೆ ಮೊದಲ ಅಪ್‌ಡೇಟ್

ದೋಣಿಗಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ, ಹನ್ನೊಂದು ಕಂಪ್ಯೂಟರುಗಳಿವೆ. ಅವುಗಳನ್ನು ನೋಡಿಕೊಳ್ಳುವವಳು ಗಂಗಾಮಣಿ. ಇಪ್ಪತ್ತು ವರ್ಷ ಅಲ್ಲಿನ ಶೆಡ್ಡಿನಲ್ಲಿ ಕೂತು ಕಾಫಿ ಬೀಜ ಆರಿಸಿದವಳು; ಒಂದು ಕರಿ ಬೀಜ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಒಮ್ಮೆ ಆಫೀಸಿಗೆ ಟೀ ಕೊಡಲು ಹೋದಾಗ, ಮ್ಯಾನೇಜರು ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ದಿನದಿಂದ ಹುಡುಕುತ್ತಿದ್ದ ತಪ್ಪನ್ನು ನಿಂತ ನಿಲುವಿನಲ್ಲೇ ಬೆರಳಿಟ್ಟು ತೋರಿಸಿದಳು. ಯಜಮಾನರಾದ ದೊಡ್ಡಗೌಡರು ಅವತ್ತೇ ಅವಳನ್ನು ಸಕಲೇಶಪುರಕ್ಕೆ ಕಂಪ್ಯೂಟರ್ ಕಲಿಯಲು ಕಳಿಸಿದರು. ಆ ಕೆಲಸವೆಂದರೆ ಈಗ ಅವಳಿಗೆ ಪ್ರಾಣ.

ತಿಂಗಳಿಗೊಮ್ಮೆ, ಎರಡನೇ ಬುಧವಾರ, ಕಂಪ್ಯೂಟರುಗಳಿಗೆ ಅಪ್‌ಡೇಟ್ ಬರುತ್ತದೆ. ಕಳ್ಳರು ನುಗ್ಗುವ ಸಂದುಗೊಂದುಗಳನ್ನು ಅದು ಮುಚ್ಚುತ್ತದೆ. ಆದರೆ ದೋಣಿಗಲ್ಲಿನ ಇಂಟರ್ನೆಟ್ಟು ಘಾಟಿ ಹತ್ತುವ ಲಾರಿಯ ಹಾಗೆ. ಮುಂದಿನದು ಸಾಗುವವರೆಗೆ ಹಿಂದಿನದೆಲ್ಲ ನಿಲ್ಲಬೇಕು. ಹಾಗಾಗಿ ಯಾರಿಗೆ ಮೊದಲು ಎನ್ನುವುದೇ ದೊಡ್ಡ ಪ್ರಶ್ನೆ.

ಗೌಡರ ಮಗ ಪ್ರತಾಪನ ಬಳಿ ಇದಕ್ಕೆ ಉತ್ತರ ಸಿದ್ಧವಿತ್ತು: ಮೊದಲು ಅಪ್ಪನಿಗೆ. ದೊಡ್ಡಗೌಡರು ತೀರಿಕೊಂಡು ಮೂರು ವರ್ಷವಾಗಿತ್ತು, ಆ ಮಾತು ಬೇರೆ. ಹಿರಿಯರಿಗೆ ಎಡೆ ಇಡದೆ ಉಳಿದವರು ಬಾಯಿಗೆ ತುತ್ತಿಡುವುದುಂಟೇ? ಬುಧವಾರ ಬೆಳಿಗ್ಗೆ ಗೌಡರ ಹಳೇ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಅಪ್‌ಡೇಟ್ ಒತ್ತುತ್ತಿದ್ದ. ಆ ಮುದಿ ಯಂತ್ರ ಒಂದೂವರೆ ದಿನ ತಿಣುಕುತ್ತಿತ್ತು. ಉಳಿದ ಹತ್ತು, ಹಸಿದ ನೆಂಟರಂತೆ, ಕಾಯುತ್ತಿದ್ದವು. ಗೇಟಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಕಂಪ್ಯೂಟರಿಗೆ ಕಟ್ಟಕಡೆಯ ಸರದಿ, ಏಕೆಂದರೆ ಅದು ಹೊರಗೆ ಕೂತಿದೆ.

ಈ ಜನವರಿಯಲ್ಲಿ ಅಪ್‌ಡೇಟಿನ ಜೊತೆ ಬಂದ ಸೂಚನೆಯನ್ನು ಗಂಗಾಮಣಿ ಎರಡೆರಡು ಸಲ ಓದಿದಳು. ಒಂದು ಸಂದಿನಿಂದ ಕಳ್ಳರು ಆಗಲೇ ನುಗ್ಗುತ್ತಿದ್ದಾರಂತೆ. ಗೇಟಿನ ಕಂಪ್ಯೂಟರಿಗೋ ಕಂಡಕಂಡ ಡ್ರೈವರುಗಳು ಫೋನು, ಪೆನ್ ಡ್ರೈವು ಎಲ್ಲವನ್ನೂ ಚುಚ್ಚುತ್ತಾರೆ.

"ಸಣ್ಣಗೌಡ್ರೆ, ಈ ಸಲ ಗೇಟಿಂದಕ್ಕೆ ಮೊದ್ಲು ಹಾಕ್ಬುಡ್ತೀನಿ. ಅದು ಕೆಟ್ಟು ನಿಂತ್ರೆ ಲಾರಿ ಸಾಲು ಮಾರನಹಳ್ಳಿ ಮುಟ್ತೈತೆ."

"ಅಪ್ಪನ್ನ ಉಪವಾಸ ಕೆಡವಿ ಗೇಟಿಗೆ ಬಡಿಸ್ತೀಯಾ ಗಂಗಾಮಣಕ್ಕ?"

ಇಲ್ಲಿ ಕಂಪ್ಯೂಟರಿನ ಮಾತು ನಡೆಯದು ಎಂದು ಅವಳಿಗೆ ಗೊತ್ತಾಯಿತು.

"ಎಡೆ ಇಟ್ಮೇಲೆ ಮೊದ್ಲು ಮುಟ್ಟೋದ್ಯಾರು? ಕಾಗೆ ತಾನೆ? ಕಾಗೆ ಮುಟ್ದೆ ಹಿರೀಕರಿಗೆ ಸೇರ್ತೈತಾ? ಗೇಟಿನ ಕಂಪ್ಯೂಟ್ರೇ ನಮ್ಮಾಫೀಸಿನ ಕಾಗೆ ಕಣ್ರೀ. ಹೊರಗೇ ಕೂತೈತೆ, ಕಂಡೋರದ್ದೆಲ್ಲ ತಿಂತೈತೆ."

ಪ್ರತಾಪ್ ಕೈಯಲ್ಲಿದ್ದ ಊದುಬತ್ತಿಯನ್ನು ಮತ್ತೆ ಪೊಟ್ಟಣಕ್ಕೆ ತುರುಕಿದ.

"ಆಯ್ತು. ಆದ್ರೆ ಅಪ್ಪನ ಕಂಪ್ಯೂಟ್ರಿಗೇನಾದ್ರೂ ಆಯ್ತೋ, ನಾಳೆಯಿಂದ ನೀನು ವಾಪಸ್ ಬೀಜ ಆರ್ಸೋಕೆ."

ಗಂಗಾಮಣಿ ಒಪ್ಪಿಕೊಂಡಳು. ನೇರ ಗೇಟಿಗೆ ಹೋಗಿ ಅಪ್‌ಡೇಟ್ ಒತ್ತಿದಳು.

ಮಧ್ಯಾಹ್ನಕ್ಕೆ ಗೇಟಿನದು ಮುಗಿಯಿತು. ಅಷ್ಟರಲ್ಲಿ ಪ್ರತಾಪ್, ಕಾದು ಕೂತ ಅಪ್ಪನಿಗೆ ಬೇಜಾರಾಗಬಾರದೆಂದು, ಯಾರೋ ಫೋಟೋದವನಿಂದ ಅಪ್ಪನ ಚಿತ್ರವಿದ್ದ ಪೆನ್ ಡ್ರೈವ್ ತಂದು ಹಳೇ ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಗೌಡರು ಹತ್ತು ನಿಮಿಷ ನಕ್ಕರು. ಆಮೇಲೆ ಪರದೆ ಕೆಂಪಾಗಿ, ಒಳಗಿರುವುದಕ್ಕೆಲ್ಲ ಬೀಗ ಹಾಕಿದ್ದೇವೆ ಎಂದು ಕಳ್ಳರ ಒಕ್ಕಣೆ ಬಂತು. ಅವರ ಕೈಗೆ ಸಿಕ್ಕಿದ್ದು ಗೌಡರು ಬರೆದಿಟ್ಟಿದ್ದ ಹದಿನೈದು ವರ್ಷದ ಮಳೆ ಲೆಕ್ಕ ಮಾತ್ರ.

ಪೆನ್ ಡ್ರೈವಿನಿಂದಲೇ ಹೀಗಾಯಿತೆಂದು ಪ್ರತಾಪ್ ನಂಬದೆ, ಅದನ್ನೇ ಓಡಿಹೋಗಿ ಗೇಟಿನ ಕಂಪ್ಯೂಟರಿಗೂ ಚುಚ್ಚಿ ನೋಡಿದ. ಅದು ಕಳ್ಳನನ್ನು ಗುರುತು ಹಿಡಿದು ಒಳಗೆ ಬಿಡಲೇ ಇಲ್ಲ. ಇಂಥ ಪರೀಕ್ಷೆ ಮಾಡುವ ಬುದ್ಧಿ ಯಾರಿಗೂ ಬರಬಾರದು! ಆದರೂ ಅವನ ಸಿಟ್ಟು ಇಳಿಯಲಿಲ್ಲ.

"ಅಪ್ಪನ್ನ ಕಾಯಿಸಿದ್ಕೇ ಹಿಂಗಾಯ್ತು. ನಡಿ ಶೆಡ್ಡಿಗೆ."

ಗಂಗಾಮಣಿ ಬ್ಯಾಗಿಗೆ ಊಟದ ಡಬ್ಬಿ ತುಂಬಿಕೊಂಡಳು. ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮಾಡಿದ್ದು ಸರಿಯಾಗಿಯೇ ಇತ್ತು, ಅದೇ ಹೆಚ್ಚು ಉರಿಯುತ್ತಿತ್ತು.

ಗಲಾಟೆ ಕೇಳಿ ಪ್ರತಾಪನ ತಾಯಿ ಸುಲೋಚನಮ್ಮ ಮನೆಯಿಂದ ಬಂದರು. ಕೆಂಪು ಪರದೆಯತ್ತ ಅವರು ನೋಡಲೂ ಇಲ್ಲ.

"ಗೇಟಲ್ಲಿ ಲಾರಿ ನಿಂತವಾ?"

"ಒಂದೂ ನಿಂತಿಲ್ಲ, ಅಮ್ಮೋರೆ," ಎಂದಳು ಗಂಗಾಮಣಿ.

ಸುಲೋಚನಮ್ಮ ಮಗನ ಕಡೆ ತಿರುಗಿದರು. "ನಿಮ್ಮಪ್ಪ ಕೊನೇ ಲಾರಿ ತೂಕ ಆಗೋಗಂಟ ಊಟಕ್ಕೆ ಕೂತೋರಲ್ಲ ಕಣೋ. ಮೂವತ್ತು ವರ್ಷ ತಟ್ಟೆ ಮುಂದಿಟ್ಕೊಂಡು ಕಾದಿದೀನಿ ನಾನು. ಈಗ ಅವರ್ನ ಮೊದ್ಲ ಪಂಕ್ತೀಲಿ ಕೂರ್ಸಿ ಲಾರಿ ನಿಲ್ಸೋಕೆ ಹೊಂಟಿದ್ಯಲ್ಲ!"

ಸುಲೋಚನಮ್ಮ ಗಂಗಾಮಣಿಯ ಕೈಗೆ ಪೆನ್ನು ಕೊಟ್ಟು, ಯಾರ ಹಿಂದೆ ಯಾರೆಂದು ಬರೆ ಎಂದರು. ಅವಳು ಗೇಟಿನಿಂದ ಶುರು ಮಾಡಿ ಸಂಬಳದ್ದು, ಸ್ಟೋರಿನದು ಎಂದು, ಬೀಗ ಬಿದ್ದ ಗೌಡರದ್ದನ್ನು ಬಿಟ್ಟು, ಹತ್ತು ಹೆಸರು ಬರೆದಳು. ಪ್ರತಾಪ್ ಬಗ್ಗಿ ಓದಿದ.

"ನಂದ್ಯಾಕೆ ಕಟ್ಟಕಡೇಲಿ?"

"ನಿಮ್ದ್ರಲ್ಲಿ ಇಸ್ಪೀಟಾಟ ಬಿಟ್ರೆ ಕದಿಯೋಕೆ ಏನೈತೆ, ಸಣ್ಣಗೌಡ್ರೆ?"

ಸುಲೋಚನಮ್ಮ ಆ ಚೀಟಿಯನ್ನು ತಾವೇ ಗೋಡೆಗೆ ಅಂಟಿಸಿದರು.