ನಾಲ್ಕನೆಯ ಮೂಲೆ

ರಶ್ಮಿತಾ, ನಿನ್ನ ನಿಶ್ಚಿತಾರ್ಥದ ಉಂಗುರದ ವಜ್ರ ಮುರಿದದ್ದು ನಿನ್ನ ಕೈಯಿಂದಲ್ಲ. ನನ್ನ ಕೈಯಿಂದ. ನೀನು ಅದನ್ನು ಬೆರಳಿಗೆ ಹಾಕುವ ಹತ್ತು ದಿನ ಮೊದಲೇ ಅದರ ಒಂದು ಮೂಲೆ ಹೋಗಿತ್ತು. ಎಂಟು ವರ್ಷಗಳಿಂದ ನನಗದು ಗೊತ್ತು.

ಇಷ್ಟು ಬರೆದು ಎದ್ದು ಹೋಗಿ, ಬಾಗಿಲು ಹಾಕಿದೆಯೇ ಎಂದು ನೋಡಿ ಬಂದೆ. ಈ ಬಾಡಿಗೆ ಮನೆಯಲ್ಲಿ ಇರುವುದು ನಾನೊಬ್ಬಳೇ. ಯಾರು ಬಂದು ಓದುತ್ತಾರೆ? ಆದರೂ— ತಾಲೂಕು ವರದಿಗಾರ್ತಿಯಾಗಿ ಅಪಘಾತ, ಕೊಲೆ, ನೆರೆ ಎಲ್ಲವನ್ನೂ ಒಂದೇ ಕೂತಿಗೆ ಬರೆದವಳು ನಾನು. ಈ ನಾಲ್ಕು ಸಾಲನ್ನು ಮೂರು ಸಲ ಹರಿದು ಬರೆದೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಕ್ರಮ ತಪ್ಪಿದರೆ ನಾನು ಎಲ್ಲಿಯಾದರೂ ನುಣುಚಿಕೊಳ್ಳುತ್ತೇನೆ ಎಂಬ ಭಯ ನನಗೇ ಇದೆ.

ಉಂಗುರ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಸಂದೇಶ ಅಬುಧಾಬಿಯಲ್ಲಿದ್ದ ಕಾರಣ. "ಅಕ್ಕ, ಅವಳಿಗೆ ಚೌಕದ್ದು ಇಷ್ಟ ಅಂತೆ, ಪ್ರಿನ್ಸೆಸ್ ಕಟ್. ನೀನೇ ಹೋಗಿ ನೋಡು ಮಾರಾಯ್ತಿ. ನಂಗೆ ಫೋಟೊದಲ್ಲಿ ಎಲ್ಲ ಕಲ್ಲೂ ಕಲ್ಲುಸಕ್ಕರೆ ಹಾಗೆ ಕಾಣ್ತದೆ" ಎಂದಿದ್ದ ನನ್ನ ತಮ್ಮ. ಅಳತೆಯ ಚಿಂತೆ ಇರಲಿಲ್ಲ. ಹುಡುಗಿ ನೋಡಲು ಬಂದ ದಿನ ನೀನು ನನ್ನ ಹಳೆಯ ಉಂಗುರ ಹಾಕಿ ನೋಡಿ, "ಸರಿಯಾಗ್ತದೆ ಅಕ್ಕ! ನಿಮ್ಮ ಬೆರಳೇ ನನ್ನ ಬೆರಳು, ನಿಮ್ಮ ಅಳತೆಯೇ ಕೊಡಿ" ಎಂದು ನಕ್ಕಿದ್ದೆ.

ಬಿ.ಸಿ.ರೋಡಿನ ಅಂಗಡಿಯಲ್ಲಿ ಎರಡು ಕಲ್ಲು ಬಿಳಿ ಕಾಗದದ ಮೇಲೆ ಇಟ್ಟರು. ನಮ್ಮ ಕಡೆ ವಜ್ರ ಎಂದರೆ ಏಳು ಕಲ್ಲಿನ ಬೆಂಡೋಲೆ, ದುಂಡು ಕಲ್ಲು. ಚೌಕದ್ದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ತುಸು ದೊಡ್ಡದು, ಆದರೆ ಉದ್ದಕ್ಕೆ ಎಳೆದ ಹಾಗಿತ್ತು. ಇನ್ನೊಂದು ಚಿಕ್ಕದು, ನಾಲ್ಕೂ ಬದಿ ಸಮ. ಬಣ್ಣ ಯಾವುದು, ಒಳಗೆ ಗೆರೆ ಉಂಟೇ, ಪ್ರಮಾಣಪತ್ರದ ಸಂಖ್ಯೆ ಕಲ್ಲಿನ ಮೇಲೂ ಉಂಟೇ ಎಂದೆಲ್ಲ ಕೇಳಿದೆ. ಅಂಗಡಿಯ ಬ್ಯಾರಿ ಸಾಹೇಬರು ಕೊನೆಗೆ, "ಪೇಪರಿನವರು ಅಂತ ಗೊತ್ತಾಯ್ತು ಮೇಡಂ. ಕಲ್ಲಿಗೆ ಬಾಯಿ ಇದ್ದಿದ್ರೆ ಅದೇ ಹೇಳಿ ಬಿಡ್ತಿತ್ತು, ನನ್ನನ್ನು ಬಿಡಿ ಅಂತ" ಎಂದರು. ನಾನು ಸಮಚೌಕದ್ದನ್ನು ಆರಿಸಿದೆ.

ಕೂರಿಸುವ ಕೆಲಸ ಬೆಳ್ತಂಗಡಿಯ ಜನಾರ್ದನ ಆಚಾರ್ಯರದ್ದು. ಅವರು ಭೂತಗನ್ನಡಿ ಹಿಡಿದು ನೋಡಿ ಹೇಳಿದ್ದರು: "ಇದರ ಜೀವ ಇರೋದು ಮೂಲೆಯಲ್ಲಿ. ಪೆಟ್ಟು ತಾಗಿದ್ರೆ ಮೊದಲು ಹೋಗೋದೂ ಮೂಲೆಯೇ. ಕಲ್ಲು ಹಿಡಿಯುವ ಚಿನ್ನದ ಉಗುರನ್ನು ಮಡಚಿ ನಾಲ್ಕೂ ಮೂಲೆ ಮುಚ್ಚುವ." ನಾನು ಬೇಡ ಎಂದೆ. ಮುಚ್ಚಿದರೆ ಚೌಕ ಕಾಣುವುದಿಲ್ಲವಲ್ಲ. ಸಣ್ಣ ಉಗುರು ಸಾಕು, ಮೂಲೆ ಕಾಣಲಿ ಎಂದು ಹಟ ಹಿಡಿದೆ. "ನೀವು ಹೇಳಿದ ಹಾಗೆ ಮಾಡ್ತೇನೆ. ಆದ್ರೆ ನಾನು ಹೇಳಿದ್ದು ನೆನಪಿರಲಿ" ಎಂದರು ಅವರು.

ಉಂಗುರ ತಯಾರಾದ ದಿನ ಬೆಳ್ತಂಗಡಿಯಿಂದ ಬಸ್ಸು ಹತ್ತಿದೆ. ತುಂಬಿದ ಬಸ್ಸಿನಲ್ಲಿ ಚಿನ್ನ ತರುವಾಗ ನಮ್ಮ ಹೆಂಗಸರು ಮಾಡುವುದನ್ನೇ ನಾನೂ ಮಾಡಿದೆ— ಚೀಲದಲ್ಲಿಡದೆ ಬೆರಳಿಗೆ ಹಾಕಿ, ಕಲ್ಲನ್ನು ಅಂಗೈ ಕಡೆಗೆ ತಿರುಗಿಸಿ ಮುಷ್ಟಿ ಕಟ್ಟುವುದು. ಅಮ್ಮ ಕಲಿಸಿದ್ದು. ಅಲ್ಲಿಯವರೆಗೆ ನನ್ನಲ್ಲಿ ತಪ್ಪಿರಲಿಲ್ಲ.

ಗುರುವಾಯನಕೆರೆ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಕೂತವಳು ಉಂಗುರವನ್ನು ಹೊರಕ್ಕೆ ತಿರುಗಿಸಿದೆ. ಬರಿದೆ, ನೋಡಲು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು— ಆ ಬೆಳಕನ್ನು ವರ್ಣಿಸಲಾರೆ. ಪಕ್ಕದ ಹೆಂಗಸು, ಯಾರೋ ಗುರುತಿಲ್ಲದವರು, ಬಗ್ಗಿ ನೋಡಿ ಕೇಳಿದರು: "ಎಷ್ಟು ಚಂದ ಉಂಟು ಮಾರ್ರೆ! ನಿಮ್ಮ ನಿಶ್ಚಯ ಆಯ್ತಾ?"

"ಹೌದು" ಎಂದೆ.

ಆಗ ನನಗೆ ನಲವತ್ತೊಂದು. ಎರಡು ಸಲ ನನ್ನ ಸಂಬಂಧ ನಿಶ್ಚಯದ ಹೊಸ್ತಿಲವರೆಗೆ ಬಂದು ತಿರುಗಿ ಹೋಗಿತ್ತು. ನೆಪಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮುಂದೆ ನಾನು ಯಾತಕ್ಕೆ ಅಷ್ಟು ಹೆದರಿದೆ ಎಂಬುದು ನಿನಗೆ ತಿಳಿಯಬೇಕು. ಹುಡುಗ ಎಲ್ಲಿ ಕೆಲಸ ಎಂದು ಅವರು ಕೇಳಿದರು. ಅಬುಧಾಬಿ ಎಂದೆ. ಮದುವೆ ಎಲ್ಲಿ ಎಂದರು. ಮೂಡುಬಿದಿರೆ ಎಂದೆ. ಎಲ್ಲ ನಿನ್ನದೇ ವಿವರ, ರಶ್ಮಿತಾ. ವಿಷಯ ಒಂದೂ ತಪ್ಪಿರಲಿಲ್ಲ, ಹೆಸರು ಮಾತ್ರ... ಅವರು ಪುಂಜಾಲಕಟ್ಟೆಯಲ್ಲಿ ಇಳಿಯುವಾಗ ನನ್ನ ಕೈ ಹಿಡಿದು "ಒಳ್ಳೆದಾಗ್ಲಿ" ಎಂದು ಹೋದರು.

ಬಿ.ಸಿ.ರೋಡ್ ಬರುವ ಹೊತ್ತಿಗೆ ಬಸ್ಸು ಮತ್ತೆ ತುಂಬಿತ್ತು. ಕಲ್ಲನ್ನು ಒಳಕ್ಕೆ ತಿರುಗಿಸಿ ಎದ್ದು ನಿಂತೆ. ನನ್ನ ತಲೆಯಲ್ಲಿ ಇನ್ನೂ ಆ ಹೆಂಗಸಿನ ಮಾತೇ ಇತ್ತು. ಡ್ರೈವರ್ ಬ್ರೇಕ್ ಹಾಕಿದ. ಬೀಳದಿರಲು ನಾನು ಸ್ಟೀಲಿನ ಕಂಬವನ್ನು ಬೀಸಿ ಹಿಡಿದೆ. ಅಂಗೈಗೂ ಕಂಬಕ್ಕೂ ನಡುವೆ ಕಲ್ಲು. ಟಿಕ್ ಎಂದು ಒಂದು ಸಣ್ಣ ಸದ್ದು. ಆ ಗದ್ದಲದಲ್ಲಿ ಅದು ಕೇಳಿಸಿದ್ದು ನನಗೊಬ್ಬಳಿಗೆ.

ಬಸ್ ನಿಲ್ದಾಣದ ಬೆಳಕಿನಲ್ಲಿ ನೋಡಿದೆ. ಮೂರು ಮೂಲೆ ಇತ್ತು. ನಾಲ್ಕನೆಯದರ ತುದಿ ಅಕ್ಕಿಯ ನುಚ್ಚಿನಷ್ಟು ಹಾರಿಹೋಗಿತ್ತು. ಅಲ್ಲೇ ಬೆಂಚಿನಲ್ಲಿ ಕೂತುಬಿಟ್ಟೆ. ಕಲ್ಲು ಹೋಯಿತು ಎಂದಲ್ಲ— ಹೇಗೆ ಎಂದು ಯಾರಾದರೂ ಕೇಳುತ್ತಾರಲ್ಲ. ಮದುಮಗಳಿಗಿಂತ ಮೊದಲು ಹಾಕಿದವಳು ಯಾರು? ಮದುವೆಯಾಗದ ಅಕ್ಕ. ಅಮ್ಮನ ಮುಖ, ನಿಮ್ಮ ಮನೆಯವರ ಮುಖ ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ ಆ "ಹೌದು"— ಅದು ಹೇಗೋ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಹುಚ್ಚು ಹೆದರಿಕೆ.

ಮರುದಿನ ಪುನಃ ಆಚಾರ್ಯರ ಹತ್ತಿರ ಹೋದೆ. ಅವರು ಬೈಯಲಿಲ್ಲ. ನಾಲ್ಕೂ ಮೂಲೆಗೆ ಅಗಲ ಉಗುರು ಮಡಚಿ, ಮುರಿದದ್ದು ಕಾಣದ ಹಾಗೆ ಮುಚ್ಚಿದರು. "ಇದು ಮುಚ್ಚಿದ್ದು ಅಷ್ಟೇ, ಸರಿಯಾದದ್ದಲ್ಲ. ಹುಡುಗಿಗೆ ಒಂದು ಮಾತು ಹೇಳಿ. ಉಗುರು ಎದ್ದರೆ ಅವಳು ತಾನೇ ಮುರಿದೆ ಅಂತ ಹೆದರಿಯಾಳು" ಎಂದರು. ಹೇಳ್ತೇನೆ ಎಂದೆ. ಆ ಮುದುಕರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರು.

ಮುಂದಿನದು ನಿನಗೆ ಗೊತ್ತು. ಮದುವೆಗೆ ಎರಡು ವಾರ ಇರುವಾಗ ನಿನ್ನ ಶಾಲಿನ ನೂಲು ಸಿಕ್ಕಿ ಉಗುರು ಎದ್ದಿತು. ಒಳಗೆ ಮೂಲೆ ಇರಲಿಲ್ಲ. ನೀನು ಅಳುತ್ತ ನಮ್ಮ ಅಮ್ಮನಿಗೆ ಫೋನ್ ಮಾಡಿದೆ. ಮುಚ್ಚಿಡಬೇಕೆಂದು ನಿನಗೆ ಅನಿಸಲೇ ಇಲ್ಲ. "ನಿಶ್ಚಯದ ಕಲ್ಲು ಒಡೆದದ್ದು ಸಣ್ಣ ವಿಷಯ ಅಲ್ಲ. ದೈವದ ಎದುರು ಬಂದು ಒಂದು ಮಾತು ಹೇಳ್ಲಿ" ಎಂದರು ಅಮ್ಮ.

ಪೊಳಲಿಯ ಹತ್ತಿರ ನಮ್ಮ ಕುಟುಂಬದ ಮನೆಯ ಚಾವಡಿ. ದೈವಕ್ಕೆಂದೇ ಇಟ್ಟ ಮಂಚದ ಎದುರು ನೀನು, ನಿನ್ನ ಅಪ್ಪ. ಈಚೆ ಅಮ್ಮ. ನಾನು ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ನಮ್ಮವರಲ್ಲಿ ಆ ಜಾಗದಲ್ಲಿ ಸುಳ್ಳು ಹೇಳುವವರಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಸಣ್ಣವರಿರುವಾಗಲೇ ಕೇಳಿರುತ್ತೇವೆ. ಈಗ ಹೇಳುತ್ತೇನೆ, ಈಗ— ಎಂದು ಎಣಿಸುತ್ತಿದ್ದೆ.

ನೀನು ಹೇಳಿದೆ: "ನಾನು ಬೀಳಿಸಿದ ನೆನಪಿಲ್ಲ ಅತ್ತೆ. ಆದ್ರೆ ಹಾಕಿದ್ದು ನಾನೊಬ್ಬಳೇ ಅಲ್ವಾ..." ಆಮೇಲೆ ನನ್ನ ಕಡೆ ತಿರುಗಿದೆ. ಆ ಚಾವಡಿಯಲ್ಲಿ ನಿನಗೆ ಸ್ವಲ್ಪವಾದರೂ ಸಲಿಗೆ ಇದ್ದದ್ದು ನನ್ನೊಡನೆ ಮಾತ್ರ. "ಗೊತ್ತಿಲ್ಲದೆ ಎಲ್ಲಿಯಾದ್ರೂ ಬಡಿದಿರ್ಬೇಕು, ಅಲ್ವಾ ಅಕ್ಕ?"

"ಇರ್ಬಹುದು" ಎಂದೆ.

ನೀನು ಕೈಮುಗಿದು ತಪ್ಪು ಒಪ್ಪಿಕೊಂಡೆ. ಅಮ್ಮ ಕಾಣಿಕೆ ಹಾಕಿಸಿದರು. ಮದುವೆ ನಡೆಯಿತು. ಮೂರು ತಿಂಗಳು ನಾನು ಚಾವಡಿಯ ದೀಪದ ಕಡೆ ಕಣ್ಣೆತ್ತಿ ನೋಡಲಿಲ್ಲ. ನನಗೆ ಏನೂ ಆಗಲಿಲ್ಲ. ಆದದ್ದು ನಿನಗೆ. ಆ ಉಂಗುರವನ್ನು ನೀನು ಮತ್ತೆ ಹಾಕಲಿಲ್ಲ. ಪಾತ್ರೆ ಜಾರಿದರೆ, ಮೊಬೈಲ್ ಬಿದ್ದರೆ, "ಇವಳದ್ದು ಒಡೆಯುವ ಕೈ ಮಾರಾಯ್ತಿ" ಎಂದು ಅಮ್ಮ ನಗುತ್ತಾರೆ. ನೀನೂ ನಗುತ್ತಿ. ಮನೆಗೆ ಬಂದಾಗ ನಾನೂ ನಕ್ಕಿದ್ದೇನೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಬಿಡುವುದಿಲ್ಲ.

ಕಳೆದ ಭಾನುವಾರ ಮೂಡುಬಿದಿರೆಯ ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಧೃತಿ ನನಗೆಂದು ಗಾಜಿನ ಲೋಟದಲ್ಲಿ ಪಾನಕ ಹಿಡಿದು, ನಾಲಗೆ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದಳು. ನೀನು ಓಡಿ ಬಂದು ಕಸಿದುಕೊಂಡೆ. "ಕೊಡು ಇಲ್ಲಿ. ನಿಂದೂ ನನ್ನದೇ ಕೈ, ಒಡೆದು ಹಾಕ್ತಿ." ಮಗು ತನ್ನ ಎರಡು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು: "ಮಾಮಿ, ನನ್ನ ಕೈ ಹಾಳುಂಟಾ?"

ನಾನು ನಿನ್ನ ಕೈಯಿಂದ ಲೋಟ ತೆಗೆದುಕೊಂಡು ಪಾನಕ ಕುಡಿದೆ. ಆರು ವರ್ಷದ ಮಗುವಿನ ಎದುರೂ ನನಗೆ ಹೆದರಿಕೆಯಾಯಿತು.

ಪತ್ರಿಕೆಯಲ್ಲಿ ನಮಗೊಂದು ನಿಯಮವಿದೆ. ತಪ್ಪು ಯಾವ ಪುಟದಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು. ಒಳಗಿನ ಮೂಲೆಯಲ್ಲಿ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಆದ್ದರಿಂದ ಈ ಪತ್ರ ಸಾಲದು. ಬರುವ ಭಾನುವಾರ ಬೆಳಿಗ್ಗೆ ಚಾವಡಿಗೆ ಬಾ, ಅಮ್ಮನನ್ನೂ ಕರೆದುಕೊಂಡು ಬಾ. ಅಬುಧಾಬಿಯಲ್ಲಿರುವ ಸಂದೇಶನಿಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ, ಅವನೂ ಕೇಳಿಸಿಕೊಳ್ಳಲಿ. ಹಿಂದೆ ನಿಂತ ಜಾಗದಲ್ಲೇ ನಿಂತು ಬಸ್ಸಿನ ಆ "ಹೌದು" ಸಮೇತ ಎಲ್ಲವನ್ನೂ ಹೇಳುತ್ತೇನೆ. ಅಮ್ಮ ಆಮೇಲೆ ನನ್ನ ಜತೆ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ನೀನು ಮಾತಾಡಬೇಕು ಎಂದು ನಾನು ಕೇಳುವಂತಿಲ್ಲ. ಹೆದರಿಕೆ ಹೋಗಿಲ್ಲ, ಹೋಗಲಿ ಎಂದು ಕಾದರೆ ಇನ್ನೆಂಟು ವರ್ಷ ಆದೀತು.

ಒಂದೇ ಕೇಳಿಕೆ. ದೀಪಕ್ಕೆ ಎಣ್ಣೆ ತರುತ್ತೀಯಲ್ಲ, ಆ ಗಾಜಿನ ಬಾಟಲಿಯನ್ನು ಗೇಟಿನಿಂದ ಚಾವಡಿಯವರೆಗೆ ಧೃತಿಯೇ ಹಿಡಿದುಕೊಂಡು ಬರಲಿ. ಕಸಿದುಕೊಳ್ಳಬೇಡ.